ಕಂಬಳಿಯಿಂದ ಏಳುವ ವಿದ್ಯೆ

ಕೂರುವುದನ್ನೂ ಏಳುವುದನ್ನೂ ಕಲಿಯಲು ಯಾರಾದರೂ ಗುರುವನ್ನು ಹುಡುಕಿಕೊಂಡು ಹೋಗುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಹೋಗಿದ್ದೆ. ನಡೆಯುವುದು, ಕೂರುವುದು, ಏಳುವುದು ಇವೆಲ್ಲ ಹುಟ್ಟಿದ ಒಂದೆರಡು ವರ್ಷದಲ್ಲಿ ತಾವಾಗಿಯೇ ಬಂದುಬಿಡುತ್ತವೆ, ಬಂದ ಮೇಲೆ ಸಾಯುವವರೆಗೂ ಜೊತೆಗಿರುತ್ತವೆ ಎಂದು ನಂಬಿಕೊಂಡೇ ನಾನೂ ಬೆಳೆದವನು. ಅದು ಶುದ್ಧ ಸುಳ್ಳು. ವಿಚಾರಿಸಿಕೊಳ್ಳದೆ ಬಿಟ್ಟರೆ ಇವು ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗುತ್ತವೆ. ನನ್ನನ್ನು ಬಿಟ್ಟು ಮೊದಲು ಹೋದದ್ದು ನೆಲದಿಂದ ಏಳುವ ವಿದ್ಯೆ. ಯಾವತ್ತು ಹೋಯಿತೋ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ನನ್ನ ಒಬ್ಬಳೇ ಮಗಳು ಗಿರಿಜೆಯ ನಿಶ್ಚಿತಾರ್ಥದ ದಿನ, ನ್ಯಾಮತಿಯಲ್ಲಿ, ಬೀಗರ ಮನೆಯ ಪಡಸಾಲೆಯಲ್ಲಿ, ಎರಡೂ ಕಡೆಯ ನೆಂಟರು ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ.

ಇದಕ್ಕೆಲ್ಲ ಮೂಲ ಸರ್ಕಾರಿ ಕುರ್ಚಿ. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಜಗಳೂರಿನ ಒಂದು ಕಚೇರಿಗೆ ಗುಮಾಸ್ತನಾಗಿ ಸೇರಿದೆ. ಯಾವ ಇಲಾಖೆ ಎಂದು ಹೇಳುವುದಿಲ್ಲ. ಈಗ ಅಲ್ಲಿ ಕುರ್ಚಿಗಳು ಬೇಕಾದಷ್ಟಿವೆಯಂತೆ. ಆಗ ಗುಮಾಸ್ತರಿಗಿಂತ ಕುರ್ಚಿ ಒಂದು ಕಡಿಮೆ ಇತ್ತು. ತಡವಾಗಿ ಬಂದವನು ದಿನವಿಡೀ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂರಬೇಕು. ನಾನು ಬಾಗಿಲು ತೆಗೆಯುವ ಜವಾನನಿಗಿಂತ ಮೊದಲೇ ಹೋಗಿ ಬಾಗಿಲ ಬಳಿ ನಿಂತಿರುತ್ತಿದ್ದೆ. ಒಮ್ಮೆ ಕುರ್ಚಿ ಸಿಕ್ಕಿತೆಂದರೆ ನೀರು ಕುಡಿಯಲೂ ಏಳುತ್ತಿರಲಿಲ್ಲ, ಎದ್ದರೆ ಹೋಯಿತಲ್ಲ! ಆಮೇಲೆ ಚನ್ನಗಿರಿಗೆ ವರ್ಗವಾಯಿತು. ಅಲ್ಲಿ ನನಗೆ ಕೈ ಇರುವ ಕುರ್ಚಿ ಸಿಕ್ಕಿತು. ಕೈ ಇರುವ ಕುರ್ಚಿ ಎಂದರೆ ನೌಕರಿಯಲ್ಲಿ ಒಂದು ಮೆಟ್ಟಿಲು ಮೇಲೆ ಎಂದೇ ಲೆಕ್ಕ. ನಾನು ಆ ಸಂತೋಷದಲ್ಲಿ ನಮ್ಮೂರಿಗೆ ಪತ್ರ ಕೂಡ ಬರೆದಿದ್ದೆ. ಎಂಬತ್ತರ ದಶಕದಲ್ಲಿ ಹೊನ್ನಾಳಿಗೆ ಬಂದಾಗ ಕುರ್ಚಿಗೆ ದಿಂಬೂ ಬಂತು. ನನ್ನ ಬಡ್ತಿಯೆಲ್ಲ ನನ್ನ ಕೆಳಗಡೆಯೇ ನಡೆಯಿತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಕಚೇರಿಯಲ್ಲಿ ಕುರ್ಚಿ ರೂಢಿಯಾದ ಮೇಲೆ ಮನೆಯಲ್ಲಿ ನೆಲದ ಮೇಲೆ ಊಟಕ್ಕೆ ಕೂರುವುದು ಯಾಕೋ ಅವಮಾನ ಎನ್ನಿಸತೊಡಗಿತು. ವರ್ಗವಾಗಿ ಹೊರಟ ಅಧಿಕಾರಿಯೊಬ್ಬರಿಂದ ಡೈನಿಂಗ್ ಟೇಬಲ್ ಕೊಂಡೆ. ನಮ್ಮ ಬೀದಿಗೆ ಅದೇ ಮೊದಲನೆಯದು, ನೋಡಲು ಜನ ಬಂದಿದ್ದರು. ಹೆಂಡತಿ, ಮಗಳು ಅದರ ಮೇಲೆ ಹಪ್ಪಳದ ಡಬ್ಬಿ, ಮಡಿಚಿದ ಬಟ್ಟೆ ಜೋಡಿಸಿಟ್ಟು ತಾವು ಎಂದಿನಂತೆ ನೆಲದ ಮೇಲೇ ಉಣ್ಣುತ್ತಿದ್ದರು. ನಾನೊಬ್ಬನೇ ಮೇಲೆ ಕೂತು ಅವರ ತಲೆಗಳನ್ನು ನೋಡುತ್ತಾ ಉಣ್ಣುತ್ತಿದ್ದೆ. ಬೆಳಗಿನ ಅನಿವಾರ್ಯ ಕೆಲಸವೊಂದು ಉಳಿಯಿತಲ್ಲ, ಅದಕ್ಕೆ ಕುಕ್ಕರುಗಾಲಿನಲ್ಲೇ ಕೂರಬೇಕು. ಅಲ್ಲಿಯೂ ಏಳುವುದು ಕಷ್ಟವಾದಾಗ ಗೋಡೆಗೆ ಒಂದು ಗಟ್ಟಿಯಾದ ಕಬ್ಬಿಣದ ಹಿಡಿಕೆ ಹಾಕಿಸಿದೆ. ಹಿಡಿಕೆ ಹಾಕಿಸಿದ ದಿನವೇ ನಾನು ಎಚ್ಚೆತ್ತುಕೊಳ್ಳಬೇಕಾಗಿತ್ತು. ಎಂಥ ಒಳ್ಳೆಯ ಉಪಾಯ ಎಂದು ಹಿಗ್ಗಿದೆ.

ನಿಶ್ಚಿತಾರ್ಥದ ಮನೆಗೆ ಹಿಡಿಕೆಯನ್ನು ಕಿತ್ತುಕೊಂಡು ಹೋಗಲಾಗುವುದಿಲ್ಲ. ನಮ್ಮ ಕಡೆಯ ಪದ್ಧತಿ ಏನೆಂದರೆ, ನೆಲಕ್ಕೆ ಕರಿ ಕಂಬಳಿ ಹಾಸಿ ಹುಡುಗನ ತಂದೆ, ಹುಡುಗಿಯ ತಂದೆ ಎದುರುಬದುರು ಚಕ್ಕಂಬಕ್ಕಳ ಹಾಕಿ ಕೂರುತ್ತಾರೆ. ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳುತ್ತಾರೆ. ಹಿರಿಯರು ‘ಏಳ್ರಿ’ ಎಂದಾಗ ತಟ್ಟೆ ಹಿಡಿದುಕೊಂಡೇ ಇಬ್ಬರೂ ಒಟ್ಟಿಗೆ ಏಳಬೇಕು. ಒಟ್ಟಿಗೆ ಎದ್ದರೆ ಎರಡು ಮನೆ ಸರಿಸಮ ಎಂದು ಅರ್ಥ. ಎರಡೂ ಕೈಯಲ್ಲಿ ತಟ್ಟೆ ಇರುವುದರಿಂದ ನೆಲಕ್ಕೆ ಕೈ ಊರುವ ಮಾತೇ ಇಲ್ಲ. ನನ್ನ ಬೀಗರು ರುದ್ರಪ್ಪನವರಿಗೆ ನ್ಯಾಮತಿಯಲ್ಲಿ ಜವಳಿ ಅಂಗಡಿ. ಜೀವಮಾನವೆಲ್ಲ ಅಂಗಡಿಯ ಗಾದಿಯ ಮೇಲೆ ಕೂತು, ಗಿರಾಕಿ ಕೇಳಿದ ಥಾನು ತೆಗೆಯಲು ಎದ್ದು, ಮತ್ತೆ ಕೂತು, ಮತ್ತೆ ಎದ್ದು ಪಳಗಿದ ಮನುಷ್ಯ. ‘ಏಳ್ರಿ’ ಎಂಬ ಮಾತು ಮುಗಿಯುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. ನಾನು ಇನ್ನೂ ಯಾವ ಕಾಲು ಮೊದಲು ಎಂದು ಯೋಚಿಸುತ್ತಿದ್ದೆ. ಬಲಗಾಲು ಜೋಮು ಹಿಡಿದಿತ್ತು, ಎಡಗಾಲು ಅದರ ಕೆಳಗೆ ಸಿಕ್ಕಿಕೊಂಡಿತ್ತು. ಮುಂದಕ್ಕೆ ಬಾಗಿ ಒಂದು ಸಲ ಪ್ರಯತ್ನಿಸಿದೆ. ತಟ್ಟೆ ವಾಲಿ ತೆಂಗಿನಕಾಯಿ ಉರುಳಿಕೊಂಡು ಹೋಗಿ ರುದ್ರಪ್ಪನವರ ಕಾಲ ಬಳಿ ನಿಂತಿತು. ಕೊನೆಗೆ ಹುಡುಗನ ಕಡೆಯ ಇಬ್ಬರು ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗನ ಅಜ್ಜಿ ನೀಲಮ್ಮ, ರುದ್ರಪ್ಪನವರ ತಾಯಿ, ಎಲ್ಲರಿಗೂ ಕೇಳುವಂತೆ ಕೇಳಿದರು: “ಹುಡುಗಿ ಅಪ್ಪಗೆ ಮಂಡಿ ಹಿಡ್ಕಂಡಾವೇನು? ವಂಶದಾಗೇ ಐತೇನು ಅದು?”

ಈ ಸಂಬಂಧ ತಂದವನು ನನ್ನ ಹೆಂಡತಿಯ ಅಣ್ಣ, ತ್ಯಾವಣಿಗೆಯ ಬಸಣ್ಣ. ವಾರ ಕಳೆದು ಮುಖ ಸಣ್ಣಗೆ ಮಾಡಿಕೊಂಡು ಬಂದ. “ಆ ಮನ್ಯಾಗೆ ಅಜ್ಜಿ ಮಾತೇ ಸುಪ್ರೀಂ ಕೋರ್ಟು ನೋಡ್ರಿ. ಬ್ಯಾಡ ಅಂದಿಲ್ಲ, ಯೋಚನೆ ಮಾಡಾಣ ಅಂದಾಳೆ. ಯೋಚನೆ ಮಾಡಾಣ ಅಂದ್ರೆ ಏನು ಅಂತ ನಿಮಗೇ ಗೊತ್ತಲ್ಲ. ಅದಕ್ಕೆ ನಾನೇ ಒಂದು ಮಾತು ಕೊಟ್ಟು ಬಂದೀನಿ. ಮದುವಿ ದಿನ ಮತ್ತೆ ಕಂಬಳಿ ಮ್ಯಾಲೆ ಕೂರೋದು ಇದ್ದೇ ಐತಲ್ಲ, ಅವತ್ತು ಬೀಗರು ತಾವೇ ಎದ್ದು ತೋರಿಸ್ತಾರೆ ಅಂತ.”

“ಯಾರನ್ನ ಕೇಳಿ ಕೊಟ್ರಿ ಮಾತು?” ಎಂದೆ.

“ಯಾರನ್ನ ಕೇಳಬೇಕಿತ್ತು? ನಿಮ್ಮ ಕಾಲನ್ನ?”

ಗಿರಿಜೆ ನಾಲ್ಕಾರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ ಹೇಳಿದಳು: “ಅಪ್ಪಾಜಿ, ಈ ಮದುವೆ ಆದ್ರೂ ಸರಿ, ಬಿಟ್ರೂ ಸರಿ. ಆದ್ರೆ ಅವತ್ತು ನಿಮ್ಮನ್ನ ಎತ್ತಿದಾಗ ನಕ್ರಲ್ಲ, ಅದನ್ನ ಇನ್ನೊಂದು ಸಲ ನೋಡಾಕೆ ನನ್ನ ಕೈಲಿ ಆಗಲ್ಲ.” ಅಜ್ಜಿಯ ಮಾತಿಗೆ ನನಗೆ ಸಿಟ್ಟು ಬಂದಿತ್ತು. ಮಗಳ ಮಾತಿಗೆ ಸಿಟ್ಟೂ ಬರಲಿಲ್ಲ. ಕಾಫಿ ಆರಿಹೋಗುವವರೆಗೂ ಲೋಟ ಹಿಡಿದು ಕೂತಿದ್ದೆ. ಕುರ್ಚಿಯ ಮೇಲೆಯೇ.

ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡೆ, ಕಚೇರಿಯಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡು ಮೇಜು ಸರಿಸಿಕೊಂಡ. ಡಾಕ್ಟರು ಕೆಂಪು ಮಾತ್ರೆ ಕೊಟ್ಟರು. ಹೊಟ್ಟೆ ಕೆಟ್ಟು ಗೋಡೆಯ ಹಿಡಿಕೆಗೆ ಕೆಲಸ ಹೆಚ್ಚಾಯಿತು. ಆಗ ಹೆಂಡತಿಯೇ ಸುಬೇದಾರರ ಹೆಸರು ಎತ್ತಿದ್ದು. ತಿಪ್ಪೇಸ್ವಾಮಿ ಎಂದು ಅವರ ಹೆಸರು, ಜಗಳೂರು ಕಡೆ ಸೊಕ್ಕೆಯವರು. ಮಿಲಿಟರಿಯಿಂದ ನಿವೃತ್ತರಾಗಿ ಹೊನ್ನಾಳಿಯಲ್ಲಿ ತಮ್ಮ ಹೆಂಡತಿಯ ತವರಿನ ಹತ್ತಿರ ನೆಲೆಸಿದ್ದರು. ದಿನಾ ಬೆಳಿಗ್ಗೆ ಹೊಳೆ ದಂಡೆಯಲ್ಲಿ ಒಬ್ಬರೇ ನಿಧಾನಕ್ಕೆ ಕೈಕಾಲು ಆಡಿಸುತ್ತಿದ್ದರು. ಕಲ್ಕತ್ತೆಯಲ್ಲಿದ್ದಾಗ ಬೂಟು ಹೊಲಿಸಲು ಹೋದ ಅಂಗಡಿಯ ಚೀನೀ ಮುದುಕನೊಬ್ಬ ಅವರಿಗೆ ಅದನ್ನು ಕಲಿಸಿದ್ದನಂತೆ. ಅದಕ್ಕೆ ತೈ ಚಿ ಎನ್ನುತ್ತಾರಂತೆ. ಚೀನಾದವರ ಮೇಲೆ ಯುದ್ಧಕ್ಕೆ ಸಿದ್ಧವಾಗಿದ್ದ ಮನುಷ್ಯ ಅವರಿಂದಲೇ ಪಾಠ ಹೇಳಿಸಿಕೊಂಡು ಬಂದದ್ದು ಊರಿನಲ್ಲಿ ಕೆಲವರಿಗೆ ಅಷ್ಟು ಸರಿ ಕಂಡಿರಲಿಲ್ಲ.

ಮೊದಲ ದಿನ ಸುಬೇದಾರರು ನನ್ನ ಕಥೆಯೆಲ್ಲ ಕೇಳಿಸಿಕೊಂಡು ಮರಳಿನ ಮೇಲೆ ನಿಂತರು. ಒಂದು ಕಾಲನ್ನು ಪೂರ್ತಿ ಮಡಿಚಿ, ಇನ್ನೊಂದನ್ನು ನೆಲಕ್ಕೆ ತಾಗುವಂತೆ ಉದ್ದಕ್ಕೆ ಚಾಚಿ, ಮೈಯನ್ನು ಮೆಲ್ಲಗೆ ಕೆಳಗಿಳಿಸಿದರು. ಅಂಗೈ ಚಾಚಿದ ಕಾಲಿನ ಗುಂಟ ಹರಿಯಿತು. ಮತ್ತೆ ಅಷ್ಟೇ ಮೆಲ್ಲಗೆ, ಎಲ್ಲಿಯೂ ಕೈ ಊರದೆ, ಎದ್ದು ನಿಂತರು. ಅರವತ್ತು ದಾಟಿದ ಮುದುಕ! “ಇದಕ್ಕೆ ಹಾವು ಇಳಿಯೋದು ಅಂತಾರೆ,” ಎಂದರು.

ನನಗೆ ಆನಂದವೋ ಆನಂದ. ಇಷ್ಟು ಬಂದರೆ ಕಂಬಳಿಯಿಂದ ಏಳುವುದು ಯಾವ ಲೆಕ್ಕ? “ಸುಬೇದಾರ್ರೇ, ಬೇರೆ ಏನೂ ಬ್ಯಾಡ. ಇದೊಂದೇ ಕಲಿಸಿಬಿಡ್ರಿ,” ಎಂದು ಕೈ ಮುಗಿದೆ.

“ಕಲಿಸಾಣ. ಮೊದಲು ಪಾದ ತಿರುಗಿಸ್ರಿ.”

ಪಾದ ತಿರುಗಿಸಿದೆ. ನಾಳೆ ಹಾವು ಇಳಿಸುತ್ತಾರೆ ಎಂದುಕೊಂಡೆ. ಮರುದಿನವೂ ಪಾದವೇ. ಅದರ ಮರುದಿನ ಪಾದದ ಜೊತೆಗೆ ಮಂಡಿ ಸೇರಿತು. ಎರಡು ಮಂಡಿಗೂ ಅಂಗೈ ಇಟ್ಟು ರಾಗಿ ಬೀಸಿದ ಹಾಗೆ ಸುತ್ತಿಸುವುದು. ಆಮೇಲೆ ಸೊಂಟ. ಆಮೇಲೆ ಹುಣಸೆ ಮರ ಹಿಡಿದುಕೊಂಡು ಒಂದೊಂದು ಕಾಲನ್ನೂ ಹಿಂದಕ್ಕೆ ಮುಂದಕ್ಕೆ ಬೀಸುವುದು. ಬೆವರು ಬರಬೇಕು. ಬೆವರು ಬಂದಿದೆ ಎಂದು ಹಣೆ ತೋರಿಸಿದರೆ ಸುಬೇದಾರರು ಬೆನ್ನು ಮುಟ್ಟಿ ನೋಡಿ, “ಇನ್ನೂ ತಣ್ಣಗೈತೆ,” ಎನ್ನುತ್ತಿದ್ದರು. ಕೆಂಡ ಸರಿಯಾಗಿದೆಯೇ ಎಂದು ನೋಡುವ ಇಸ್ತ್ರಿಯವನ ಮುಖ ಆಗ ಅವರದು. ಮೈ ಬಿಸಿಯಾದ ಮೇಲೆ ಎಳೆತ ಶುರು. ಹೊಳೆಯ ಮೆಟ್ಟಿಲ ಮೇಲೆ ಹಿಮ್ಮಡಿ ಇಟ್ಟು, ಬೆನ್ನು ಬಗ್ಗಿಸದೆ, ಕಾಲ ಬೆರಳನ್ನು ನನ್ನ ಕಡೆಗೆ ಎಳೆದುಕೊಳ್ಳಬೇಕು. ತೊಡೆಯ ಹಿಂಭಾಗದಲ್ಲಿ ನನಗೆ ಒಂದು ನರವಿದೆ ಎಂಬುದು ನನ್ನ ಆಯಸ್ಸಿನಲ್ಲಿ ಮೊದಲ ಬಾರಿಗೆ ತಿಳಿದದ್ದು ಆವಾಗ. ತಿಳಿಯದೆ ಇದ್ದರೂ ನಡೆಯುತ್ತಿತ್ತು.

ಎಲ್ಲಕ್ಕಿಂತ ಕ್ರೂರವಾದದ್ದು ಕೂತು ಎರಡು ಅಂಗಾಲನ್ನೂ ಜೋಡಿಸಿ ಮಂಡಿಗಳನ್ನು ಎರಡು ಬದಿಗೆ ಇಳಿಬಿಡುವುದು. ಸುಬೇದಾರರ ಮಂಡಿ ಮರಳಿಗೆ ತಾಗುತ್ತಿತ್ತು. ನನ್ನವು ಹೆಚ್ಚುಕಡಿಮೆ ಕಿವಿಯ ಮಟ್ಟಕ್ಕೇ ನಿಂತಿದ್ದವು. ನಾನು ಮೊಣಕೈಯಿಂದ ಒತ್ತಿ ಕೆಳಗಿಳಿಸಲು ಹೋದರೆ, “ಒತ್ತಬ್ಯಾಡ್ರಿ, ಕುಲುಕಬ್ಯಾಡ್ರಿ. ಅದು ತಾನೇ ಇಳೀಬೇಕು,” ಎಂದು ಗದರುತ್ತಿದ್ದರು.

“ಯಾವಾಗ ಇಳೀತೈತೆ?”

“ಅದಕ್ಕೆ ಮನಸ್ಸು ಬಂದಾಗ.”

ಈ ನಡುವೆ ನೋಡುವವರ ಕಾಟ ಬೇರೆ. ಹೊಳೆಗೆ ಬಟ್ಟೆ ಒಗೆಯಲು ಬಂದ ಹೆಂಗಸರು ಒಗೆಯುವುದನ್ನು ಬಿಟ್ಟು ಕೂತರು. ಎಮ್ಮೆ ಮೈ ತೊಳೆಯಲು ಬಂದವನೊಬ್ಬ ನಾನು ಹುಣಸೆ ಮರ ಹಿಡಿದು ಕಾಲು ಬೀಸುವುದನ್ನು ಬಹಳ ಹೊತ್ತು ನೋಡಿ, “ಏನ್ರೀ ಸಾಹೇಬ್ರೇ, ಆ ಮರ ಏನ್ ಮಾಡಿತ್ತು? ದಿನಾ ಬಂದು ಒದೀತೀರಲ್ಲ?” ಎಂದ. ಅವತ್ತೇ ಮಧ್ಯಾಹ್ನ ಅದು ಕಚೇರಿಗೆ ಮುಟ್ಟಿತು. ಅರ್ಜಿ ಹಿಡಿದು ಬಂದವರು ನನ್ನ ಮೇಜಿನ ಮುಂದೆ ಒಂದು ಮಾರು ದೂರದಲ್ಲೇ ನಿಲ್ಲತೊಡಗಿದರು. ಮನೆಯಲ್ಲಿ ಹೆಂಡತಿಗೆ ಹೊಸ ಆಟ ಸಿಕ್ಕಿತು. ನಾನು ಸಂತೆಗೆ ಹೊರಡಲಿ, ಅಟ್ಟದಿಂದ ಡಬ್ಬಿ ತೆಗೆಯಲಿ, “ಏನ್ರೀ, ಬಿಸಿ ಮಾಡ್ಕೊಂಡ್ರಾ?” ಎಂದು ಕೇಳುವಳು. ಕೇಳಿ ಸೆರಗು ಬಾಯಿಗೆ ಅಡ್ಡ ಹಿಡಿಯುವಳು.

ದೀಪಾವಳಿ ಕಳೆದು ಶುರು ಮಾಡಿದ್ದು, ಸಂಕ್ರಾಂತಿ ಬಂದರೂ ಹಾವು ಇಳಿಯಲಿಲ್ಲ. ಯುಗಾದಿ ಆದ ಮೇಲೆ ಮದುವೆ. ಒಂದು ಬೆಳಿಗ್ಗೆ ಚಳಿಗೆ ಹಲ್ಲು ಕಟಕಟ ಎನ್ನುವಾಗ ಪಾದ ತಿರುಗಿಸುತ್ತಾ ತಿರುಗಿಸುತ್ತಾ ನನ್ನ ತಲೆಯೇ ತಿರುಗಿತು. “ಸುಬೇದಾರ್ರೇ, ನಾನು ಕಲಿಯಾಕೆ ಬಂದಿದ್ದು ತೈ ಚಿ. ನೀವು ಕಲಿಸ್ತಾ ಇರೋದು ಬರೀ ಅದರ ತಯಾರಿ. ಊಟಕ್ಕೆ ಕರೆದು ಮೂರು ತಿಂಗಳಿಂದ ಕೈ ತೊಳೆಸ್ತಾನೇ ಇದ್ದೀರಲ್ರೀ!” ಎಂದು ಕೂಗಾಡಿದೆ.

ಕಾಲು ಮಡಿಚಿ ಕೂತಿದ್ದ ಅವರು ಕಣ್ಣು ಕೂಡ ತೆರೆಯಲಿಲ್ಲ. “ಕೈ ಇನ್ನೂ ಶುದ್ಧ ಆಗಿಲ್ಲ ಅಂದ್ರೆ ನಾನೇನ್ ಮಾಡಾಕಾಗ್ತೈತೆ?” ಎಂದರು.

ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಸಾರಿದೆ. ಮರುದಿನ ಬೆಳಿಗ್ಗೆ ನಾನು ಮುಸುಕು ಹೊದ್ದು ಮಲಗಿದ್ದಾಗ ಗಿರಿಜೆ ಬಂದು ನನ್ನ ಮಫ್ಲರನ್ನು ದಿಂಬಿನ ಪಕ್ಕ ಮಡಿಚಿಟ್ಟು ಹೋದಳು. ಬೈದಿದ್ದರೆ ನಾನು ಮಲಗಿಯೇ ಇರುತ್ತಿದ್ದೆ. ಮಫ್ಲರ್ ಸುತ್ತಿಕೊಂಡು ಹೊಳೆಗೆ ಹೋದೆ. ಸುಬೇದಾರರು ನಿನ್ನೆ ಏನೂ ನಡೆದೇ ಇಲ್ಲವೆನ್ನುವಂತೆ, “ಪಾದದಿಂದ ಶುರು ಮಾಡ್ರಿ,” ಎಂದರು.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಗಿರಿಜೆ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಹುಕ್ಕಿನ ಡಬ್ಬಿ ಕೈಜಾರಿ ಡೈನಿಂಗ್ ಟೇಬಲಿನ ಕೆಳಗೆ ಚೆಲ್ಲಿತು. ನಾನು ಪಕ್ಕದಲ್ಲೇ ಇದ್ದವನು ಕುಕ್ಕರುಗಾಲಿನಲ್ಲಿ ಕೂತು, ಒಂದೊಂದನ್ನೇ ಆಯ್ದು ಎರಡು ಅಂಗೈಯಲ್ಲೂ ತುಂಬಿಕೊಂಡು ಎದ್ದು ಅವಳಿಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ, ನನ್ನನ್ನೇ ನೋಡಿದಳು. “ಅಪ್ಪಾಜಿ, ಕೈ ಊರಲಿಲ್ಲ!” ಎಂದಳು. ಒಲೆಯ ಮುಂದಿದ್ದ ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. “ಎಲ್ಲಿ, ಇನ್ನೊಂದು ಸಲ,” ಎಂದಳು. ಮತ್ತೆ ಕೂತು ಎದ್ದೆ. ಆವತ್ತು ಹೊಳೆ ದಂಡೆಯಲ್ಲಿ ಬೆಳಿಗ್ಗೆಯೇ ಮೈ ಬಿಸಿಯಾಗಿತ್ತು, ಸಾಲದ್ದಕ್ಕೆ ಸಂಜೆ ಕಚೇರಿಯಿಂದ ದೂರದ ದಾರಿ ಹಿಡಿದು ನಡೆದು ಬಂದಿದ್ದೆ ಎಂಬುದು ನನಗೆ ನೆನಪೇ ಆಗಲಿಲ್ಲ. ಇದೆಲ್ಲ ನನ್ನ ಸ್ವಂತ ಶಕ್ತಿ ಎಂದುಕೊಂಡೆ. ಆವತ್ತಿನಿಂದ ಹೆಂಡತಿ ದಿನಾ ತಟ್ಟೆಯಲ್ಲಿ ತೆಂಗಿನಕಾಯಿ ಇಟ್ಟು ನನ್ನನ್ನು ಚಕ್ಕಂಬಕ್ಕಳ ಕೂರಿಸಿ ಎಬ್ಬಿಸಿ ಅಭ್ಯಾಸ ಮಾಡಿಸಿದಳು. ಹಾವು ಮಾತ್ರ ಇಳಿಯಲಿಲ್ಲ. ಮಂಡಿಯ ಮಟ್ಟಕ್ಕೆ ಬರುತ್ತಿದ್ದಂತೆ ಸುಬೇದಾರರು “ಸಾಕು, ಅದಕ್ಕಿಂತ ಕೆಳಗೆ ನಿಮ್ಮದಲ್ಲ,” ಎಂದು ತಡೆಯುತ್ತಿದ್ದರು.

ಮದುವೆಯ ದಿನ ಛತ್ರದ ಉಗ್ರಾಣದಲ್ಲಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಬಾಳೆಲೆ, ಕುಂಬಳಕಾಯಿಗಳ ನಡುವೆ ಮೈ ಬಿಸಿ ಮಾಡಿಕೊಂಡೆ. ಸುಬೇದಾರರು ಬಾಗಿಲಲ್ಲಿ ಕಾವಲು. ರೇಷ್ಮೆ ಪಂಚೆ ಮೇಲಕ್ಕೆ ಕಟ್ಟಿ ಕಾಲು ಬೀಸುತ್ತಿದ್ದಾಗ ಅಡುಗೆಯವನು ಹೇಗೋ ಒಳಗೆ ನುಗ್ಗಿದವನು, “ಅಯ್ಯೋ ಸಾಹೇಬ್ರೇ, ಕುಂಬಳಕಾಯಿ ಒದೀಬ್ಯಾಡ್ರಿ!” ಎಂದು ಅದನ್ನು ಎದೆಗೆ ಅಪ್ಪಿಕೊಂಡು ಓಡಿದ. ಹೊತ್ತಾಯಿತು ಎಂದು ಬಸಣ್ಣ ಕೂಗಿದ. ಹೋಗಿ ಕಂಬಳಿಯ ಮೇಲೆ ಕೂತೆ. ಎದುರಿಗೆ ರುದ್ರಪ್ಪನವರು. ತಟ್ಟೆ ಕೈಗೆ ಬಂತು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ತಟ್ಟೆಯ ಮೇಲಿನ ಕಾಯಿ ಅಲುಗುತ್ತಿತ್ತು. ಹಿರಿಯರು ‘ಏಳ್ರಿ’ ಎಂದರು. ಎದ್ದೆ. ರುದ್ರಪ್ಪನವರ ಜೊತೆಜೊತೆಗೇ, ಕಾಯಿ ಕದಲದಂತೆ, ಎದ್ದು ನಿಂತೆ.

ನಿಂತು ಹೆಮ್ಮೆಯಿಂದ ಅಜ್ಜಿಯ ಕಡೆ ನೋಡಿದರೆ, ನೀಲಮ್ಮಜ್ಜಿ ನಮಗೆ ಬೆನ್ನು ಹಾಕಿ ಹೂವಿನವನ ಜೊತೆ ಜಗಳಕ್ಕೆ ನಿಂತಿದ್ದರು. ಹಾರದಲ್ಲಿ ಬಾಡಿದ ಹೂವು ಸೇರಿಸಿದ್ದನಂತೆ. ಐದು ತಿಂಗಳು! ಚಳಿಯಲ್ಲಿ, ಎಮ್ಮೆಗಳ ಎದುರಿಗೆ, ಐದು ತಿಂಗಳು ಮರ ಒದ್ದದ್ದು ಈ ಒಂದು ಗಳಿಗೆಗಾಗಿ! ನೋಡಿದವಳು ಒಬ್ಬಳೇ. ಬಾಸಿಂಗದ ಕೆಳಗಿನಿಂದ ಗಿರಿಜೆ ನೋಡಿದಳು, ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತು. ನಮ್ಮ ಕಡೆ ಮದುವೆಗೆ ಹೋಮವಿಲ್ಲ, ಕಣ್ಣೀರನ್ನು ಹೊಗೆಯ ಮೇಲೆ ಹಾಕುವಂತೆಯೂ ಇರಲಿಲ್ಲ, ಸುಮ್ಮನೆ ಅತ್ತೆ. ಬಸಣ್ಣ ಅಜ್ಜಿಯ ಬಳಿಗೆ ಓಡಿ, “ನೋಡಿದ್ಯೇನಜ್ಜಿ? ಬೀಗರು ತಾವೇ ಎದ್ರು!” ಎಂದ. ಅಜ್ಜಿ, “ಎಲ್ಲಿ? ನಾನು ನೋಡಿಲ್ಲ ಬಿಡು. ಎದ್ರೋ, ಎತ್ತಿದ್ರೋ, ಯಾರಿಗ್ಗೊತ್ತು,” ಎಂದು ಮತ್ತೆ ಹೂವಿನವನ ಕಡೆ ತಿರುಗಿದರು.

ಈ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು. ತಾಳಿ ಕಟ್ಟಿ ಆಗಿತ್ತು, ಮಗಳು ಆ ಮನೆ ಸೇರಿ ಆಗಿತ್ತು, ಅಳಿಯ ಬಂಗಾರದಂಥ ಹುಡುಗ. ಇನ್ನು ನನ್ನ ಮಂಡಿ ಯಾರಿಗೆ ಬೇಕಾಗಿತ್ತು? ಆದರೆ ನ್ಯಾಮತಿಯಲ್ಲಿ ಬೀಗರೂಟದ ದಿನ, ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು, ಪಂಕ್ತಿಯಲ್ಲಿ ಎಲ್ಲರ ಜೊತೆ ನೆಲದ ಮೇಲೇ ಉಂಡು ನಾನು ಮೆಲ್ಲಗೆ ಏಳುತ್ತಿರುವಾಗ ಅಜ್ಜಿ ನೋಡಿದರು. “ಅರೆ, ಎದ್ರಲ್ಲ!” ಎಂದರು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಕೈ ತೊಳೆಯಲು ಹೋಗಬಹುದಿತ್ತು. ನಾನು ಹೋಗಲಿಲ್ಲ. “ಏಳೋದೇನು ಮಹಾ ಅಜ್ಜೀ, ಇದನ್ನ ನೋಡ್ರಿ,” ಎಂದೆ. ಪಂಚೆ ಎತ್ತಿ ಕಟ್ಟಿ, ಎರಡು ಸಾಲು ಎಲೆಗಳ ನಡುವೆ ನಿಂತು, ಒಂದು ಕಾಲು ಮಡಿಚಿ, ಇನ್ನೊಂದು ಚಾಚಿ, ಹಾವು ಇಳಿಸಿದೆ.

ಇಳಿಯಿತು. ಐದು ತಿಂಗಳಲ್ಲಿ ಇಳಿಯದ್ದು ಅವತ್ತು ಪೂರ್ತಿ ನೆಲದವರೆಗೂ ಇಳಿಯಿತು. ಪಂಕ್ತಿಯಲ್ಲಿದ್ದವರು ಉಣ್ಣುವುದನ್ನು ನಿಲ್ಲಿಸಿ “ಓಹೋ” ಎಂದರು. ಆಮೇಲೆ ತೊಡೆಯ ಹಿಂದೆ ಏನೋ ‘ಟಕ್’ ಎಂದಿತು. ಹಾವು ಅಲ್ಲೇ ಉಳಿಯಿತು. ಮೇಲಕ್ಕೂ ಬರಲಿಲ್ಲ, ಕೂರಲೂ ಆಗಲಿಲ್ಲ. ಮುಖದಲ್ಲಿ ನಗು ಉಳಿಸಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದೆ. ಇದೂ ಆಟದ ಭಾಗವೆಂದು ಕೆಲವರು ಚಪ್ಪಾಳೆ ತಟ್ಟಿದರು. ಗಿರಿಜೆ ಮಾತ್ರ ಕೋಸಂಬರಿಯ ಪಾತ್ರೆ ಕೆಳಗಿಟ್ಟು, “ಅಪ್ಪಾಜಿ?” ಎಂದಳು.

ಈ ಸಲ ಎತ್ತಲು ಇಬ್ಬರು ಸಾಲಲಿಲ್ಲ, ನಾಲ್ವರು ಬಂದರು. ಅಳಿಯನೂ ಒಂದು ಕೈ ಹಿಡಿದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು, ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಮಗಳು. ಗೋಡೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು ನಕ್ಕಳು. ನಗುವುದನ್ನು ನೋಡಲಾರೆ ಎಂದಿದ್ದವಳು ಇವಳೇ! ನೀಲಮ್ಮಜ್ಜಿ ಸುತ್ತಲೂ ನೋಡಿ, “ನಾನು ಹೇಳಿರಲಿಲ್ಲೇನ್ರೋ, ವಂಶದಾಗೆ ಐತೆ ಅಂತ?” ಎಂದು ಗೆದ್ದವರಂತೆ ಎಲೆ ಅಡಿಕೆ ಬಾಯಿಗಿಟ್ಟುಕೊಂಡರು.

ನಮ್ಮ ಜೊತೆ ಬೀಗರೂಟಕ್ಕೆ ಬಂದಿದ್ದ ಸುಬೇದಾರರು ಅದೇ ಪಂಕ್ತಿಯಲ್ಲಿ ಕೂತಿದ್ದರು. ಅವರು ಎಲೆ ಬಿಟ್ಟು ಏಳಲೂ ಇಲ್ಲ. ಹೋಳಿಗೆ ಮುರಿಯುತ್ತಾ, “ಬಿಸಿ ಮಾಡ್ಕೊಂಡಿದ್ರೇನ್ರಿ?” ಎಂದು ಕೇಳಿದರು.

“ಇಲ್ಲ,” ಎಂದೆ, ನಾಲ್ವರ ತೋಳಿನ ಮೇಲಿನಿಂದ.

“ಮತ್ತೆ?” ಎಂದು ತುಪ್ಪದವನಿಗೆ ಕೈ ಸನ್ನೆ ಮಾಡಿದರು.

ಅಜ್ಜಿಗೆ ಕೊನೆಗೆ ಕರುಣೆ ಬಂತು. “ಏ, ಬೀಗರಿಗೆ ಒಂದು ಕುರ್ಚಿ ತರ್ರೋ,” ಎಂದು ಕೂಗಿದರು. ಒಳಗಿನಿಂದ ಬೆತ್ತದ ಕುರ್ಚಿ ಬಂತು. ಕೈ ಇರುವ ಕುರ್ಚಿ, ಮೇಲೆ ದಿಂಬು ಬೇರೆ. ಆಹಾ, ಎಂಥ ಸುಖವಾದ ಕುರ್ಚಿ! ಸಂಜೆ ಹೊನ್ನಾಳಿಯ ಬಸ್ಸು ಬಂತು ಎಂದು ಹೆಂಡತಿ ಬಂದು ಕೂಗುವವರೆಗೂ ನಾನು ಅದರಿಂದ ಏಳಲಿಲ್ಲ. ಕೂಗಿದ ಮೇಲೆಯೂ ಮೊದಲು ಪಾದ ತಿರುಗಿಸಿಕೊಂಡೆ.